ಪಿಯಾನೊ ಸ್ಕೇಲ್ ಅಭ್ಯಾಸ: ಬೆರಳಿಗೆ ದಾರಿ, ಕಿವಿಗೆ ಕೆಲಸ

ಸಿ ಮೇಜರ್ ಸ್ಕೇಲನ್ನು (ಸಿಯಿಂದ ಮುಂದಿನ ಸಿವರೆಗಿನ ಬಿಳಿ ಕೀಗಳ ಸ್ವರಸಾಲು) ಒಂದೇ ವೇಗದಲ್ಲಿ, ಒಂದೇ ದನಿಯಲ್ಲಿ ಇಪ್ಪತ್ತು ಸಲ ನುಡಿಸಲು ಕೂತರೆ ನಾಲ್ಕನೇ ಸುತ್ತಿಗೇ ಮನಸ್ಸು ಎಲ್ಲೋ ಹೋಗಿರುತ್ತದೆ. ಬೆರಳುಗಳು ಮಾತ್ರ ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತವೆ. ಐದನೇ ಸುತ್ತಿನಲ್ಲಿ ಹೆಬ್ಬೆರಳು ಧಡ್ಡೆಂದು ಬಿದ್ದರೂ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಉಳಿದ ಹದಿನೈದು ಸುತ್ತಿನಲ್ಲಿ ಕೈ ಅದೇ ತಪ್ಪನ್ನು ಗಟ್ಟಿ ಮಾಡಿಕೊಳ್ಳುತ್ತದೆ. ‘ದಿನಾ ಅರ್ಧ ಗಂಟೆ ಸ್ಕೇಲ್ ಮಾಡ್ತಾಳೆ, ಆದ್ರೂ ನೀಟಾಗಿ ಬರ್ತಿಲ್ಲ’ ಎಂದು ಮನೆಯವರು ಹೇಳುವುದರ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಅಂದರೆ ಬೇಸರ ಬರಿಯ ಮನಸ್ಸಿನ ತೊಂದರೆಯಲ್ಲ, ಕೈಯನ್ನೂ ಕೆಡಿಸುತ್ತದೆ. ಅದನ್ನು ಕಳೆಯಲು ಎರಡು ಬೇಕು. ಸ್ಕೇಲ್ ಕೈಯಲ್ಲಿ ಹೇಗೆ ಕೂರುತ್ತದೆ ಎಂಬ ನಕ್ಷೆ ತಲೆಯಲ್ಲಿರಬೇಕು. ಆಮೇಲೆ ಪ್ರತಿ ಸುತ್ತಿಗೂ ಕಿವಿಗೆ ಒಂದು ಕೆಲಸ ಇರಬೇಕು, ಒಂದೇ ಒಂದು.

ಮೂರು ಮತ್ತು ನಾಲ್ಕು

ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 3, ಉಂಗುರಬೆರಳು 4, ಕಿರುಬೆರಳು 5. ಎರಡೂ ಕೈಗೆ ಇದೇ ಲೆಕ್ಕ. ಸ್ವರ ಏಳು, ಬೆರಳು ಐದು. ಹಾಗಾಗಿ ಒಂದು ಸ್ಥಾಯಿಯನ್ನು ಮೂರು ಸ್ವರ, ನಾಲ್ಕು ಸ್ವರ ಎಂದು ಎರಡು ತುಂಡು ಮಾಡಿ, ನಡುವೆ ಹೆಬ್ಬೆರಳನ್ನು ಅಂಗೈ ಕೆಳಗಿಂದ ದಾಟಿಸಬೇಕು. ಸಿ ಮೇಜರ್‌ನಲ್ಲಿ ಬಲಗೈ 1-2-3, 1-2-3-4 ಎಂದು ಹತ್ತುತ್ತದೆ, ತುದಿಯಲ್ಲಿ 5 ಬರುತ್ತದೆ. ಎಡಗೈ 5-4-3-2-1, 3-2-1.

ಇದನ್ನು ಎಂಟು ಬೇರೆ ಬೇರೆ ಸ್ವರಗಳೆಂದು ಕಲಿತರೆ ನೆನಪಿಡುವುದು ಎಂಟು ಸಂಗತಿ. ತುಂಡುಗಳೆಂದು ಕಲಿತರೆ ಎರಡೇ. ಅದಕ್ಕೆ ಒಂದು ಸುಲಭದ ಉಪಾಯವಿದೆ. ಬಲಗೈಯ 1, 2, 3 ಬೆರಳಿನಿಂದ ಸಿ, ಡಿ, ಇ ಮೂರನ್ನೂ ಒಟ್ಟಿಗೆ ಒತ್ತಿ. ಕೇಳಲು ಕರ್ಕಶವಾಗಿರುತ್ತದೆ, ಚಿಂತೆಯಿಲ್ಲ. ಕೈ ಎತ್ತಿ ಎಫ್, ಜಿ, ಎ, ಬಿ ನಾಲ್ಕನ್ನೂ 1, 2, 3, 4ರಿಂದ ಒಟ್ಟಿಗೆ ಒತ್ತಿ. ಮತ್ತೆ ಮೇಲಿನ ಸಿ, ಡಿ, ಇ. ಹೀಗೆ ಕೀಬೋರ್ಡಿನ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮಕ್ಕಳಿಗೆ ಇದು ತುಂಬ ಇಷ್ಟ, ಏಕೆಂದರೆ ಜೋರಾಗಿ ಗದ್ದಲ ಮಾಡಲು ಅನುಮತಿ ಸಿಕ್ಕಿದೆ. ಒಂದು ನಿಮಿಷ ಹೀಗೆ ಮಾಡಿದ ಮೇಲೆ ಬಿಡಿ ಸ್ವರಗಳನ್ನು ನುಡಿಸಿದರೆ, ಕೈ ಮುಂದಿನ ಗುಂಪಿನ ಮೇಲೆ ಮೊದಲೇ ಹೋಗಿ ನಿಲ್ಲುವುದು ನಿಮಗೇ ಗೊತ್ತಾಗುತ್ತದೆ.

ಹೊಸ ಸ್ಕೇಲ್ ಬಂದಾಗ ಬೆರಳು ಸಂಖ್ಯೆಯನ್ನೆಲ್ಲ ಉರು ಹೊಡೆಯಬೇಕಿಲ್ಲ. ಒಂದು ಸ್ಥಾಯಿಯಲ್ಲಿ 4ನೇ ಬೆರಳು ಒಂದೇ ಸಲ ಬರುತ್ತದೆ. ಅದರ ಜಾಗ ಗೊತ್ತಾದರೆ ಉಳಿದದ್ದು ತಾನಾಗಿ ಕೂರುತ್ತದೆ. ಮೇಜರ್ ಸ್ಕೇಲುಗಳ ಮಟ್ಟಿಗೆ ಬಲಗೈ ನಿಯಮ ಬಹಳ ಅಚ್ಚುಕಟ್ಟು: ಸ್ಕೇಲ್‌ನಲ್ಲಿ ಬಿ ಫ್ಲ್ಯಾಟ್ (ಬಿ ಎಡಕ್ಕಿರುವ ಕಪ್ಪು ಕೀ, ಎ ಬಲಕ್ಕಿರುವುದರಿಂದ ಅದೇ ಎ ಶಾರ್ಪ್) ಇದ್ದರೆ 4 ಅದರ ಮೇಲೆ. ಇಲ್ಲದಿದ್ದರೆ, ಅಂದರೆ ಸಿ, ಜಿ, ಡಿ, ಎ, ಇ ಈ ಐದರಲ್ಲಿ, 4 ಏಳನೇ ಸ್ವರವಾದ ನಿ ಮೇಲೆ (ಯಾವ ಸ್ಕೇಲಾದರೂ ಅದರ ಮೊದಲ ಸ್ವರವೇ ಸ). ಇದೇ ಐದರಲ್ಲಿ ಎಡಗೈಯ 4 ಎರಡನೇ ಸ್ವರವಾದ ರಿ ಮೇಲೆ ಬೀಳುತ್ತದೆ. ಎಫ್ ಮೇಜರ್‌ನಲ್ಲೂ ಎಡಗೈಗೆ ಹಾಗೆಯೇ. ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎ ಫ್ಲ್ಯಾಟ್, ಡಿ ಫ್ಲ್ಯಾಟ್‌ಗಳಲ್ಲಿ ಎಡಗೈಯ 4 ನಾಲ್ಕನೇ ಸ್ವರವಾದ ಮ ಮೇಲೆ.

ಸಿ ಮೇಜರ್ ನಿಜಕ್ಕೂ ಸುಲಭವೇ?

ಓದಲು ಸುಲಭ, ಕೈಗೆ ಕಷ್ಟ. ಬಿಳಿ ಕೀಗಳೆಲ್ಲ ಒಂದೇ ಮಟ್ಟದಲ್ಲಿವೆ, ಬೆರಳುಗಳ ಉದ್ದ ಒಂದೇ ಅಲ್ಲ. ಕಪ್ಪು ಕೀಗಳಿದ್ದಾಗ ಉದ್ದನೆಯ 2, 3, 4 ಅವುಗಳ ಮೇಲೆ ಆರಾಮವಾಗಿ ಕೂರುತ್ತವೆ, ಗಿಡ್ಡ ಹೆಬ್ಬೆರಳು ಬಿಳಿ ಕೀಯಲ್ಲಿ ಉಳಿಯುತ್ತದೆ, ದಾಟಲು ಕೆಳಗೆ ಜಾಗವೂ ಸಿಗುತ್ತದೆ. ಪಿಯಾನೊ ಕೃತಿಗಳಿಗೆ ಹೆಸರಾದ ಸಂಗೀತಗಾರ ಶೋಪಾನ್ (1810–1849) ತನ್ನ ಶಿಷ್ಯರಿಗೆ ಮೊದಲು ಬಿ ಮೇಜರ್ ಹೇಳಿಕೊಟ್ಟು, ಸಿ ಮೇಜರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದುದಕ್ಕೆ ಕಾರಣ ಇದೇ.

ಎರಡೂ ಕೈ ಒಟ್ಟಿಗೆ ನುಡಿಸುವಾಗ ಈ ಮಾತು ಇನ್ನೂ ನಿಜ. ಸಿ ಮೇಜರ್‌ನಲ್ಲಿ ಬಲಗೈಯ ಹೆಬ್ಬೆರಳು ಸ ಮತ್ತು ಮ ಮೇಲೆ, ಎಡಗೈಯದು ಪ ಮತ್ತು ಮೇಲಿನ ಸ ಮೇಲೆ. ಒಂದು ಕೈ ದಾಟುವಾಗ ಇನ್ನೊಂದು ದಾಟುವುದಿಲ್ಲ. ಕಲಿಯುವವರು ಎಡವುವುದು ಮ–ಪ ನಡುವೆಯೇ. ಬಿ ಮೇಜರ್‌ನಲ್ಲಾದರೆ, ಎಡಗೈ 4ರಿಂದ ಶುರುವಾಗುವ ಮೊದಲ ಸ್ವರ ಒಂದನ್ನು ಬಿಟ್ಟು, ಎರಡೂ ಹೆಬ್ಬೆರಳು ಇ ಮತ್ತು ಬಿ ಮೇಲೆ ಒಟ್ಟಿಗೇ ಬರುತ್ತವೆ. ಡಿ ಫ್ಲ್ಯಾಟ್‌ನಲ್ಲಿ ಎಫ್ ಮತ್ತು ಸಿ ಮೇಲೆ. ಎಫ್ ಶಾರ್ಪ್‌ನಲ್ಲಿ ಬಿ ಮತ್ತು ಇ ಶಾರ್ಪ್ ಮೇಲೆ. ಇ ಶಾರ್ಪ್ ಎಂದರೆ ಕಣ್ಣಿಗೆ ಕಾಣುವುದು ಎಫ್ ಎಂಬ ಬಿಳಿ ಕೀ. ಐದು ಶಾರ್ಪ್, ಆರು ಶಾರ್ಪ್ ಎಂದು ಹೆದರಿಸುವ ಈ ಸ್ಕೇಲುಗಳೇ ಎರಡು ಕೈಗೆ ಅತ್ಯಂತ ಸಲೀಸು. ನೊಟೇಶನ್ ಇಲ್ಲದೆ, ಕೈ ನೋಡಿಕೊಂಡು ಕಲಿಸಿದರೆ ಎಂಟು ವರ್ಷದ ಮಗುವಿಗೂ ಬರುತ್ತದೆ.

ಸಿ ಮೇಜರನ್ನು ಎರಡು ಕೈಗೆ ಕಲಿಸುವಾಗ ಮೊದಲು ವಿರುದ್ಧ ದಿಕ್ಕಿನಲ್ಲಿ ನುಡಿಸಿ. ಎರಡೂ ಹೆಬ್ಬೆರಳು ನಡುವಿನ ಸಿ ಮೇಲೆ. ಬಲಗೈ ಬಲಕ್ಕೆ, ಎಡಗೈ ಎಡಕ್ಕೆ. ಕನ್ನಡಿಯಲ್ಲಿ ನೋಡಿದಂತೆ ಎರಡೂ ಕೈಯಲ್ಲಿ ಒಂದೇ ಬೆರಳು ಒಂದೇ ಹೊತ್ತಿಗೆ ಬೀಳುತ್ತದೆ. ಒಂದೇ ದಿಕ್ಕಿನಲ್ಲಿ ನುಡಿಸುವಾಗ ಹಿಡಿದುಕೊಳ್ಳಬೇಕಾದ ಗುರುತು ನಡುಬೆರಳು: ಸಿ ಮೇಜರ್‌ನಲ್ಲಿ ಎರಡೂ ಕೈಯ 3 ಯಾವಾಗಲೂ ಗ ಮತ್ತು ದ ಮೇಲೆ ಒಟ್ಟಿಗೆ ಬರುತ್ತದೆ. ಆ ಎರಡು ಜಾಗದಲ್ಲಿ ಕೈಗಳು ಭೇಟಿಯಾದರೆ ದಾರಿ ತಪ್ಪಿಲ್ಲ ಎಂದರ್ಥ. ಜಿ, ಡಿ, ಎ, ಇ ಮೇಜರ್‌ಗಳಲ್ಲೂ ಹೀಗೆಯೇ.

ಏಳು ಟಿಕ್‌ನ ಆಟ

ಸ್ಕೇಲ್ ಅಭ್ಯಾಸದಲ್ಲಿ ಒಂದೇ ಒಂದು ಉಪಾಯ ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಬೇಕು.

ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ) 60ಕ್ಕೆ, ಅಂದರೆ ನಿಮಿಷಕ್ಕೆ 60 ಟಿಕ್‌ಗೆ, ಇಡಿ. ಮೊದಲ ಟಿಕ್‌ಗೆ ಕೆಳಗಿನ ಸ. ಟಿಕ್‌ಗೆ ಒಂದು ಸ್ವರದಂತೆ ಒಂದು ಸ್ಥಾಯಿ ಹತ್ತಿದರೆ ಮೇಲಿನ ಸ ಎಂಟನೇ ಟಿಕ್‌ಗೆ ಬರುತ್ತದೆ, ಅಂದರೆ ಪ್ರಯಾಣ ಏಳು ಟಿಕ್‌ನದು. ಈಗ ಟಿಕ್‌ಗೆ ಎರಡು ಸ್ವರ, ಎರಡು ಸ್ಥಾಯಿ. ತುದಿಯ ಸ ಮತ್ತೆ ಎಂಟನೇ ಟಿಕ್‌ಗೇ. ಟಿಕ್‌ಗೆ ಮೂರು, ಮೂರು ಸ್ಥಾಯಿ: ಎಂಟನೆಯದಕ್ಕೇ. ನಾಲ್ಕು, ನಾಲ್ಕು ಸ್ಥಾಯಿ: ಆಗಲೂ ಎಂಟನೆಯದಕ್ಕೇ. ದಾರಿ ನಾಲ್ಕು ಪಟ್ಟು ಉದ್ದವಾದರೂ ಹಿಡಿಯುವ ಕಾಲ ಒಂದೇ. ತಾಳ ಗೊತ್ತಿದ್ದವರು ಕೂಡಲೇ ಗುರುತಿಸುತ್ತಾರೆ: ಹತ್ತಲು ತಿಶ್ರ ಜಾತಿ ತ್ರಿಪುಟದ ಒಂದು ಆವರ್ತ, ಇಳಿಯಲು ಇನ್ನೊಂದು. ಕೆಳಗಿನ ಸ ಮುಟ್ಟುವ ಹೊತ್ತಿಗೆ ಹೊಸ ಆವರ್ತ ಶುರುವಾಗಿರುತ್ತದೆ, ಹಾಗಾಗಿ ನಿಲ್ಲಿಸದೆ ಮುಂದಿನ ಕಾಲಕ್ಕೆ (ವೇಗಕ್ಕೆ) ಜಿಗಿಯಬಹುದು.

ಇದರೊಳಗೇ ಇನ್ನೊಂದು ಆಟವಿದೆ. ಟಿಕ್ ಯಾವ ಸ್ವರದ ಮೇಲೆ ಬೀಳುತ್ತದೋ ಆ ಸ್ವರವನ್ನು ಮಾತ್ರ ಬಾಯಲ್ಲಿ ಹೇಳಿ. ಎರಡೆರಡರಲ್ಲಿ ಬರುವುದು ಸ–ಗ–ಪ–ನಿ–ರಿ–ಮ–ದ–ಸ. ಮೂರರಲ್ಲಿ ಸ–ಮ–ನಿ–ಗ–ದ–ರಿ–ಪ–ಸ. ನಾಲ್ಕರಲ್ಲಿ ಸ–ಪ–ರಿ–ದ–ಗ–ನಿ–ಮ–ಸ. ಪ್ರತಿ ಸಲವೂ ಏಳು ಸ್ವರಕ್ಕೂ ಒಂದೊಂದು ಪೆಟ್ಟು ಬಿದ್ದಿರುತ್ತದೆ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಪೆಟ್ಟು ಹೆಬ್ಬೆರಳಿಗೆ ಬಿದ್ದಂತೆಯೇ 3ಕ್ಕೂ 4ಕ್ಕೂ ಬೀಳುವುದರಿಂದ ಹೆಬ್ಬೆರಳಿನ ದಬ್ಬಾಳಿಕೆ ತಾನಾಗಿ ಇಳಿಯುತ್ತದೆ. ಬಾಯಿ, ಕಿವಿ, ಬೆರಳು ಮೂರಕ್ಕೂ ಕೆಲಸವಿರುವಾಗ ಮನಸ್ಸು ಓಡಿಹೋಗಲು ಸಮಯವೇ ಸಿಗುವುದಿಲ್ಲ.

60ರಲ್ಲಿ ಟಿಕ್‌ಗೆ ನಾಲ್ಕು ಸ್ವರ ಹೊಸಬರಿಗೆ ಹೆಚ್ಚಾಯಿತು. ಅವರು ಒಂದು ಮತ್ತು ಎರಡರಲ್ಲೇ ಕೆಲವು ವಾರ ಇರಲಿ. ಮೂರು ಸಲ ಸತತವಾಗಿ ತಪ್ಪಿಲ್ಲದೆ ಬಂದರೆ ಮೆಟ್ರೊನೋಮ್ 4 ಏರಿಸಿ, ಎಡವಿದರೆ 8 ಇಳಿಸಿ. ಮನೆಯಲ್ಲಿ 61 ಕೀಯ ಕೀಬೋರ್ಡ್ ಇದ್ದರೆ ಅದರಲ್ಲಿ ಸರಿಯಾಗಿ ಐದು ಸ್ಥಾಯಿ. ಎರಡು ಕೈಯಲ್ಲಿ ನಾಲ್ಕು ಸ್ಥಾಯಿ ಹಿಡಿಸುವುದು ಸಿ ಸ್ಕೇಲಿಗೆ ಮಾತ್ರ, ಅದೂ ಮೊದಲ ಕೀಯಿಂದ ಕೊನೆಯ ಕೀವರೆಗೆ. ಬೇರೆ ಸ್ಕೇಲುಗಳನ್ನು ಮೂರು ಸ್ಥಾಯಿಗೆ ನಿಲ್ಲಿಸಿ, ಇಲ್ಲವೇ ಒಂದೊಂದೇ ಕೈಯಲ್ಲಿ ನುಡಿಸಿ.

ವರಸೆ, ಅಲಂಕಾರ, ಕಪ್ಪು ಕೀಗಳು

ಒಂದೇ ಸ್ವರಸಾಲನ್ನು ಬೇಸರವಿಲ್ಲದೆ ಹತ್ತಾರು ರೀತಿ ತಿರುಗಿಸುವ ವಿದ್ಯೆ ನಮ್ಮ ಕರ್ನಾಟಕ ಸಂಗೀತದಲ್ಲಿ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪಾಠಕ್ರಮದಲ್ಲೇ ಇದೆ. ಸರಳೆ, ಜಂಟಿ, ದಾಟು, ಅಲಂಕಾರ ಎಲ್ಲವೂ ಪಿಯಾನೊದ ಮೇಲೆ ಕೂರುತ್ತವೆ. ಸಂಗೀತ ಪಾಠಕ್ಕೆ ಹೋಗುವ ಮಗು ಮನೆಯಲ್ಲಿದ್ದರೆ ಅಲ್ಲಿಂದಲೇ ಶುರು ಮಾಡುವುದು ಜಾಣತನ.

ಈ ಪಾಠಗಳ ರಾಗವಾದ ಮಾಯಾಮಾಳವಗೌಳವನ್ನು ಸಿಯಿಂದ ಹಿಡಿದರೆ ಸಿ, ಡಿ ಫ್ಲ್ಯಾಟ್, ಇ, ಎಫ್, ಜಿ, ಎ ಫ್ಲ್ಯಾಟ್, ಬಿ. ಸಿ ಮೇಜರ್‌ಗಿಂತ ಎರಡೇ ಕೀ ಬೇರೆ. ಬೆರಳೂ ಅವೇ: ಬಲಗೈ 1-2-3, 1-2-3-4-5. ಉದ್ದನೆಯ 2 ಮತ್ತು 3 ಕಪ್ಪು ಕೀಗಳ ಮೇಲೆ ಬೀಳುವುದರಿಂದ ಕೈಗೆ ಸಿ ಮೇಜರ್‌ಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಸುಖ.

ಮೂರನೇ ಸರಳೆ ವರಸೆ, ಸ ರಿ ಗ ಸ ರಿ ಗ ಸ ರಿ, ಆಮೇಲೆ ಸ ರಿ ಗ ಮ ಪ ದ ನಿ ಸ. ಮೊದಲ ಎಂಟು ಸ್ವರ 3+3+2 ಎಂದು ಒಡೆಯುತ್ತವೆ. ಪ್ರತಿ ಸ ಮೇಲೆ ಸ್ವಲ್ಪ ಒತ್ತು ಕೊಟ್ಟರೆ ಅದೇ ಒಂದು ಕುಣಿತವಾಗುತ್ತದೆ. ಜಂಟಿ ವರಸೆಯಲ್ಲಿ ಪ್ರತಿ ಬೆರಳು ಎರಡು ಸಲ ಹೊಡೆಯಲಿ. ಎರಡನೇ ಹೊಡೆತ ಮೊದಲನೆಯದರಷ್ಟೇ ಕೇಳುತ್ತಿದೆಯೇ ಎಂಬುದು ಕಿವಿಯ ಕೆಲಸ. ದಾಟು ವರಸೆಯ ತುಂಡನ್ನು ಐದು ಕೀಯೊಳಗೇ ಇಟ್ಟುಕೊಳ್ಳಿ: ಸ ಗ ರಿ ಮ ಗ ಪ, ಬೆರಳು 1-3-2-4-3-5.

ಹೆಬ್ಬೆರಳು ದಾಟಿಸುವುದಕ್ಕೆ ಹೇಳಿ ಮಾಡಿಸಿದ್ದು ಧ್ರುವ ತಾಳದ ಅಲಂಕಾರ. ಸ ರಿ ಗ ಮ, ಗ ರಿ, ಸ ರಿ ಗ ರಿ, ಸ ರಿ ಗ ಮ. ಬಲಗೈ 1-2-3-1, 3-2, 1-2-3-2, 1-2-3-1. ಮೊದಲ ಮ ಮೇಲೆ ಹೆಬ್ಬೆರಳು ಕೆಳಗಿಂದ ದಾಟುತ್ತದೆ, ಮರುಗಳಿಗೆ ನಡುಬೆರಳು ಅದರ ಮೇಲಿಂದ ಗಕ್ಕೆ ವಾಪಸ್ ಬರುತ್ತದೆ, ಸಾಲಿನ ಕೊನೆಗೆ ಹೆಬ್ಬೆರಳು ಮತ್ತೊಮ್ಮೆ ದಾಟುತ್ತದೆ. ಹದಿನಾಲ್ಕು ಸ್ವರದಲ್ಲಿ ಮೂರು ದಾಟು. ಸಾಲು ಮುಗಿದ ಮೇಲೆ ಒಂದು ಉಸಿರು ಬಿಟ್ಟು ಮುಂದಿನದಕ್ಕೆ ಹೋಗಿ. ಓಡಿದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ.

ಐದು ಕಪ್ಪು ಕೀಗಳದ್ದೇ ಒಂದು ಲೋಕ. ಎಫ್ ಶಾರ್ಪ್ ಅನ್ನು ಸ ಮಾಡಿಕೊಂಡರೆ ಮೋಹನದ ಸ್ವರಗಳು. ಜಿ ಶಾರ್ಪ್‌ನಿಂದ ಮಧ್ಯಮಾವತಿ, ಎ ಶಾರ್ಪ್‌ನಿಂದ ಹಿಂದೋಳ, ಸಿ ಶಾರ್ಪ್‌ನಿಂದ ಶುದ್ಧ ಸಾವೇರಿ, ಡಿ ಶಾರ್ಪ್‌ನಿಂದ ಶುದ್ಧ ಧನ್ಯಾಸಿ. ಕೀ ಒಂದನ್ನೂ ಬದಲಿಸಿಲ್ಲ, ಮನೆ ಮಾತ್ರ ಬದಲಾಗಿದೆ, ಇದೇ ಗ್ರಹಭೇದ. ಎಡಗೈಯಲ್ಲಿ ಸ–ಪ ಒಟ್ಟಿಗೆ ಒತ್ತಿ ಹಿಡಿದು (ಹಿಂದೋಳಕ್ಕೆ ಪಂಚಮವಿಲ್ಲ, ಅಲ್ಲಿ ಸ–ಮ) ಬಲಗೈಯಲ್ಲಿ ಮನಸ್ಸಿಗೆ ಬಂದಂತೆ ಅಡ್ಡಾಡಿ. ಪಿಯಾನೊದಲ್ಲಿ ಗಮಕ (ಸ್ವರದ ಓಲಾಟ) ಹುಟ್ಟುವುದಿಲ್ಲ, ಆದ್ದರಿಂದ ಇದು ರಾಗದ ಸ್ವರಸ್ಥಾನ ಮಾತ್ರ, ರಾಗವಲ್ಲ. ಆದರೂ ಆರನೇ ನಿಮಿಷಕ್ಕೆ ಕೈ ಸೋತಾಗ ಕಿವಿಗೆ ಇದಕ್ಕಿಂತ ಒಳ್ಳೆಯ ತಿರುವು ಸಿಗದು.

ತಪ್ಪು ಎಲ್ಲಿ, ಏಕೆ

ಹೆಬ್ಬೆರಳಿನ ಧಡ್ ಶಬ್ದ ಎಲ್ಲರಿಗೂ ಬರುವ ತೊಂದರೆ. ಕಾರಣ ತಡ. 3 ನುಡಿದು ಮುಗಿಯುವವರೆಗೆ ಹೆಬ್ಬೆರಳು ಹೊರಗೆ ಕಾಯುತ್ತಿದ್ದು, ಕೊನೆಯ ಗಳಿಗೆಯಲ್ಲಿ ಒಳಗೆ ನುಗ್ಗುತ್ತದೆ. ಜಾಗ ಮಾಡಿಕೊಡಲು ಮೊಣಕೈ ರೆಕ್ಕೆಯ ಹಾಗೆ ಏಳುತ್ತದೆ, ಕೈಯ ಇಡೀ ತೂಕ ಹೆಬ್ಬೆರಳಿನ ಮೇಲೆ ಬೀಳುತ್ತದೆ. 2 ನುಡಿಯುತ್ತಿರುವಾಗಲೇ ಹೆಬ್ಬೆರಳು ಅಂಗೈ ಕೆಳಗೆ ಹೊರಟಿರಬೇಕು, ಮುಂಗೈ ಸ್ಕೇಲ್ ಹೋಗುವ ದಿಕ್ಕಿಗೆ ನಿಧಾನವಾಗಿ ಜಾರುತ್ತಿರಬೇಕು. ಹೆಬ್ಬೆರಳು ಉಗುರಿನ ಪಕ್ಕದ ಅಂಚಿನಿಂದ ಕೀ ಮುಟ್ಟಲಿ, ಚಪ್ಪಟೆಯಾಗಿ ಮಲಗದಿರಲಿ. ಬೆಂಚ್ ತಗ್ಗಾಗಿದ್ದರೆ ಇದು ಯಾವುದೂ ಆಗುವುದಿಲ್ಲ. ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂದಿಷ್ಟು ಮೇಲಿರಬೇಕು.

ಎರಡನೆಯದು ತುದಿಯ ತಿರುವು. ಮೇಲಿನ ಸ ಮುಟ್ಟಿ ವಾಪಸಾಗುವಲ್ಲಿ ಬಲಗೈ 5ರಲ್ಲಿ, ಎಡಗೈ 1ರಲ್ಲಿ ಇರುತ್ತದೆ. ಒಂದು ಕೈ ತಡವರಿಸುತ್ತದೆ, ಇನ್ನೊಂದು ಹೊರಟೇಬಿಡುತ್ತದೆ. ಇದಕ್ಕಾಗಿ ಇಡೀ ಸ್ಕೇಲ್ ನುಡಿಸುವುದು ದಂಡ. ಪ ದ ನಿ ಸ ನಿ ದ ಪ ಇಷ್ಟನ್ನೇ ಹತ್ತು ಸಲ ನುಡಿಸಿ.

ಮೈನರ್‌ಗೆ ಬಂದರೆ, ಎ ಹಾರ್ಮೋನಿಕ್ ಮೈನರ್‌ನಲ್ಲಿ (ನಮ್ಮ ಕೀರವಾಣಿಯ ಸ್ವರಗಳೇ) ಬಲಗೈ ಸಾಮಾನ್ಯವಾಗಿ ಎಫ್‌ನಿಂದ ಜಿ ಶಾರ್ಪ್‌ಗೆ ಹೋಗುವಾಗ ಮುಗ್ಗರಿಸುತ್ತದೆ. ಆ ಎರಡರ ನಡುವೆ ಮೂರು ಅರ್ಧಸ್ವರದ ಅಂತರ, ಹಿಗ್ಗಬೇಕಾದದ್ದು 3 ಮತ್ತು 4. ಹೆಚ್ಚು ಅಗಲವಾಗದ ಜೋಡಿ ಅದು. ಬೆರಳನ್ನು ಎಳೆಯಬೇಡಿ, 3 ನುಡಿದ ಕೂಡಲೇ ಕೈಯನ್ನೇ ಸ್ವಲ್ಪ ಬಲಕ್ಕೂ ಒಳಕ್ಕೂ ಸರಿಸಿ.

ಸ್ವರಗಳು ಒಂದೇ ಸಮ ಬಾರದಿದ್ದರೆ ಲಯ ಬದಲಿಸುವುದು ಒಳ್ಳೆಯ ಮದ್ದು. ಮೊದಲು ಉದ್ದ–ಗಿಡ್ಡ, ಉದ್ದ–ಗಿಡ್ಡ. ಆಮೇಲೆ ಗಿಡ್ಡ–ಉದ್ದ. ಉದ್ದ ಸ್ವರದಲ್ಲಿ ಕೈಗೆ ವಿಶ್ರಾಂತಿ ಸಿಗುತ್ತದೆ, ಗಿಡ್ಡ ಸ್ವರದಿಂದ ಮುಂದಿನದಕ್ಕೆ ನಿಜವಾದ ವೇಗದ ಜಿಗಿತ ಆಗುತ್ತದೆ. ಎರಡೂ ರೀತಿ ಮುಗಿಸುವ ಹೊತ್ತಿಗೆ ಎಲ್ಲ ಜೋಡಿ ಬೆರಳೂ ಒಮ್ಮೆ ವೇಗವಾಗಿ ಓಡಿರುತ್ತವೆ, ಆದರೆ ಯಾವುದೂ ದಣಿದಿರುವುದಿಲ್ಲ. ಇದಾದ ಮೇಲೆ ಒಂದು ಕೈ ಜೋರು, ಇನ್ನೊಂದು ಮೆಲ್ಲಗೆ. ಒಂದು ಕೈ ಲೆಗಾಟೊ (ಸ್ವರಗಳನ್ನು ಬೆಸೆದು), ಇನ್ನೊಂದು ಸ್ಟಕಾಟೊ (ಬಿಡಿಬಿಡಿಯಾಗಿ). ಅಗ್ಗದ ಕೀಬೋರ್ಡಿನಲ್ಲಿ ಟಚ್ ರೆಸ್ಪಾನ್ಸ್ ಆಫ್ ಆಗಿದ್ದರೆ ಜೋರು–ಮೆಲ್ಲಗೆ ವ್ಯತ್ಯಾಸವೇ ಬಾರದು, ಮೊದಲು ಅದನ್ನು ಆನ್ ಮಾಡಿಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೀ ನೋಡದೆ ಕೇಳಿ. ನುಡಿಸುವಾಗ ಕೇಳಿಸದ ಹೆಬ್ಬೆರಳು ಆಗ ಸ್ಪಷ್ಟವಾಗಿ ಕೇಳುತ್ತದೆ.

ಸ್ಕೇಲ್ ಹಾಡಾಗುವ ಜಾಗ

ಎಡಗೈಗೆ ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಕೊಡಿ: ಸಿ ಮೇಜರ್, ಎ ಮೈನರ್, ಎಫ್ ಮೇಜರ್, ಜಿ ಮೇಜರ್, ಒಂದೊಂದಕ್ಕೆ ನಾಲ್ಕು ಬೀಟ್. ಬಲಗೈ ಬೀಟ್‌ಗೆ ಎರಡು ಸ್ವರ ನುಡಿಸಿದರೆ ಒಂದು ಕಾರ್ಡಿಗೆ ಎಂಟು ಸ್ವರ, ಸರಿಯಾಗಿ ಒಂದು ಸ್ಥಾಯಿ. ಮೊದಲು ಸಿಯಿಂದ ಸಿವರೆಗೆ, ಆಮೇಲೆ ಎಯಿಂದ ಎವರೆಗೆ, ಎಫ್‌ನಿಂದ ಎಫ್, ಜಿಯಿಂದ ಜಿ. ಎಲ್ಲಕ್ಕೂ ಬೆರಳು 1-2-3, 1-2-3-4-5. ಬಿಳಿ ಕೀ ಬಿಟ್ಟು ಬೇರೆ ಮುಟ್ಟಿಲ್ಲ, ಆದರೂ ಬಣ್ಣ ನಾಲ್ಕು ಸಲ ಬದಲಾಗುತ್ತದೆ: ಶಂಕರಾಭರಣ, ನಟಭೈರವಿ, ಮೇಚಕಲ್ಯಾಣಿ, ಹರಿಕಾಂಭೋಜಿಗಳ ಸ್ವರಸಾಲುಗಳು. ಮನೆಯಲ್ಲಿ ಇನ್ನೊಬ್ಬರಿದ್ದರೆ ಕಾರ್ಡ್ ಅವರಿಗೆ ಬಿಡಿ. ಕೀಬೋರ್ಡಿನಲ್ಲಿ ತಾನಾಗಿ ಪಕ್ಕವಾದ್ಯ ನುಡಿಸುವ ಸ್ಟೈಲ್ ಬಟನ್ ಇದ್ದರೆ ಅದೂ ಸರಿ.

ಇದು ಬರಿಯ ಆಟ ಎನ್ನಿಸಿದರೆ ಮೊಜಾರ್ಟ್ 1788ರಲ್ಲಿ ಬರೆದ ಸಿ ಮೇಜರ್ ಸೊನಾಟಾ, ಕೆ. 545 (ಅವನ ಕೃತಿಪಟ್ಟಿಯ ಸಂಖ್ಯೆ), ತೆರೆದು ನೋಡಿ. ಮೊದಲ ಭಾಗದ ಐದನೇ ಬಾರ್‌ನಿಂದ (ಬಾರ್ ಎಂದರೆ ತಾಳದ ಒಂದು ಸುತ್ತು) ಬಲಗೈಯಲ್ಲಿ ಸ್ಕೇಲುಗಳೇ: ಒಂದು ಎಯಿಂದ ಹತ್ತಿ ಎಗೆ ಇಳಿಯುತ್ತದೆ, ಮುಂದಿನದು ಜಿಯಿಂದ, ಆಮೇಲೆ ಎಫ್, ಆಮೇಲೆ ಇ. ಸಿಯಿಂದ ಸಿಗೆ ಮಾತ್ರ ಓಡಿ ಅಭ್ಯಾಸವಾದ ಕೈ ಇಲ್ಲಿ ತಬ್ಬಿಬ್ಬಾಗುತ್ತದೆ. ನಾಲ್ಕು ಕಾರ್ಡಿನ ಆಟ ಆಡಿದ ಕೈಗೆ ಇದು ಪರಿಚಿತ ಬೀದಿ.

ದಿನಕ್ಕೆ ಎಷ್ಟು

ಹತ್ತು ನಿಮಿಷ, ಗಮನವಿಟ್ಟು. ಗುಂಪು ಒತ್ತುವುದಕ್ಕೆ ಒಂದು, ಏಳು ಟಿಕ್‌ಗೆ ನಾಲ್ಕು, ಎಡವಿದ ಜಾಗಕ್ಕೆ ಎರಡು, ಉಳಿದದ್ದು ವರಸೆಗೋ ಕಾರ್ಡಿಗೋ. ವಾರಕ್ಕೆ ಹೊಸದು ಎರಡು ಸ್ಕೇಲ್ ಸಾಕು. ಕಲಿತ ಸ್ಕೇಲುಗಳ ಹೆಸರನ್ನು ಚೀಟಿಯಲ್ಲಿ ಬರೆದು ಒಂದು ಡಬ್ಬಿಗೆ ಹಾಕಿ, ದಿನಾ ಮೂರು ಎತ್ತಿ. ಸಿ, ಜಿ, ಡಿ ಎಂಬ ಅನುಕ್ರಮದಲ್ಲೇ ನುಡಿಸುವವರಿಗೆ ಹಿಂದಿನದು ಮುಂದಿನದನ್ನು ನೆನಪಿಸುತ್ತದೆ. ಗ್ರೇಡ್ ಪರೀಕ್ಷೆಯಲ್ಲಿ ಎದುರಿನವರು ಥಟ್ಟನೆ ‘ಬಿ ಫ್ಲ್ಯಾಟ್’ ಎಂದಾಗ ಆ ಆಸರೆ ಇರುವುದಿಲ್ಲ. ಚೀಟಿ ತೆಗೆದ ಮೇಲೆ ಕೀ ಮುಟ್ಟುವ ಮೊದಲು 4ನೇ ಬೆರಳು ಎಲ್ಲಿ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಶುರು ಮಾಡಿ. ಮುಂಗೈಯಲ್ಲಿ ಬಿಗಿತ ಬಂದರೆ ನಿಲ್ಲಿಸಿ, ಕೈ ಇಳಿಬಿಟ್ಟು ಅಲುಗಿಸಿ, ಇನ್ನೂ ನಿಧಾನಕ್ಕೆ ಹಿಡಿಯಿರಿ. ನೋವು ಬಂದರೆ ಆ ದಿನಕ್ಕೆ ಮುಚ್ಚಳ ಮುಚ್ಚಿ.